ಎಣ್ಣೆಗೆ ಅದ್ದಿದರೂ ಗಟ್ಟಿಯಾಗದ ಕತ್ತಿ: ಮನೆಯ ಕುಲುಮೆಯಲ್ಲಿ ದೋಷ ಹುಡುಕುವ ಬಗೆ

ಜೀಪಿನದೋ ಲಾರಿಯದೋ ಹಳೆಯ ಕಮಾನು ಪಟ್ಟಿಯನ್ನು ಗುಜರಿಯಿಂದ ತಂದು, ಕೊಟ್ಟಿಗೆಯ ಪಕ್ಕದಲ್ಲಿ ಹೂಡಿಕೊಂಡ ಸಣ್ಣ ಕುಲುಮೆಯಲ್ಲಿ ಕಾಸಿ ಬಡಿದು, ಸೊಪ್ಪು ಕಡಿಯುವ ಕತ್ತಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಅಥವಾ ಮರಗೆಲಸದ ಉಳಿಯನ್ನು ತಾವೇ ಮಾಡಿಕೊಳ್ಳುವ ಹವ್ಯಾಸಿಗಳಿಗಾಗಿ ಈ ಬರಹ. ಆಕಾರ ತರುವಾಗ ಆಗುವ ತಪ್ಪು ಕಣ್ಣಿಗೆ ಕಾಣುತ್ತದೆ ಮತ್ತು ಅಲ್ಲೇ ತಿದ್ದಿಕೊಳ್ಳಬಹುದು. ಹದ ಕೊಡುವಾಗ, ಅಂದರೆ ಕೆಂಪಗೆ ಕಾಸಿದ ಅಲಗನ್ನು ಎಣ್ಣೆಗೆ ಅದ್ದಿ ಗಟ್ಟಿ ಮಾಡುವಾಗ, ಆಗುವ ತಪ್ಪು ಹಾಗಲ್ಲ. ಹಿಡಿ ಹಾಕಿ, ಸಾಣೆ ಹಿಡಿದು, ತೋಟಕ್ಕೆ ಒಯ್ದು ನಾಲ್ಕು ಕೊಂಬೆ ಕಡಿದ ಮೇಲೆ ಬಾಯಿ ಮಡಚಿಕೊಂಡಾಗಷ್ಟೇ ಅದು ಗೊತ್ತಾಗುತ್ತದೆ.

ಹೀಗಾದಾಗ ಹೆಚ್ಚಿನವರು ಮಾಡುವುದು ಒಂದೇ: ಅಲಗನ್ನು ಮತ್ತೆ ಕುಲುಮೆಗೆ ಹಾಕಿ, ಮೊದಲಿಗಿಂತ ಹೆಚ್ಚು ಕಾಸಿ, ಮತ್ತೆ ಅದ್ದುವುದು. ಕಾರಣ ತಿಳಿಯದೆ ಮಾಡುವ ಈ ಎರಡನೆಯ ಅದ್ದುವಿಕೆ ಅನೇಕ ಸಲ ಮೊದಲನೆಯದಕ್ಕಿಂತ ಕೆಟ್ಟ ಅಲಗನ್ನು ಕೊಡುತ್ತದೆ, ಏಕೆಂದರೆ ಪ್ರತಿ ಕಾಸುವಿಕೆಯಲ್ಲಿಯೂ ಮೇಲ್ಮೈಯ ಇಂಗಾಲ ಸ್ವಲ್ಪ ಸುಟ್ಟುಹೋಗುತ್ತದೆ ಮತ್ತು ಕಾವು ಮೀರಿದರೆ ಉಕ್ಕಿನ ಒಳಗಿನ ಕಣಗಳು ದಪ್ಪವಾಗುತ್ತವೆ. ಆದ್ದರಿಂದ ದೋಷ ಎಲ್ಲಿದೆ ಎಂಬುದು ಖಚಿತವಾಗುವ ತನಕ ಅಲಗನ್ನು ಬೆಂಕಿಗೆ ಹಿಡಿಯಬಾರದು. ಹುಡುಕುವ ಕ್ರಮವೂ ಮುಖ್ಯ: ಮೊದಲು ಪರೀಕ್ಷೆಯೇ ಸರಿಯಿದೆಯೇ ಎಂದು ನೋಡಬೇಕು, ನಂತರ ಉಕ್ಕು, ನಂತರ ಕಾವು, ನಂತರ ಎಣ್ಣೆ, ಕೊನೆಗೆ ಹದ ಇಳಿಸಿದ (ಅದ್ದಿದ ಅಲಗನ್ನು ಮತ್ತೆ ಮೆಲ್ಲಗೆ ಬಿಸಿ ಮಾಡಿ ಬಿರುಸು ತಗ್ಗಿಸಿದ) ರೀತಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು; ಎಣ್ಣೆಯನ್ನೂ ಕಾವನ್ನೂ ಒಟ್ಟಿಗೆ ಬದಲಾಯಿಸಿದರೆ ಅಲಗು ಸರಿಹೋದರೂ ಏಕೆ ಸರಿಹೋಯಿತು ಎಂಬುದು ತಿಳಿಯುವುದಿಲ್ಲ.

ಅರದ ಪರೀಕ್ಷೆ

ಅಲಗು ಗಟ್ಟಿಯಾಗಿಲ್ಲ ಎಂಬ ತೀರ್ಮಾನವೇ ಎಷ್ಟೋ ಸಲ ತಪ್ಪಾಗಿರುತ್ತದೆ. ಒಳ್ಳೆಯ ಅರದ ಗಡಸುತನ ರಾಕ್‌ವೆಲ್ ಸಿ ಮಾಪಕದಲ್ಲಿ ಸುಮಾರು 62ರಿಂದ 65. ಸರಿಯಾಗಿ ಅದ್ದಿದ ಅಲಗು 60ರ ಆಸುಪಾಸಿಗೆ ಬರುವುದರಿಂದ ಅದರ ಮೇಲೆ ಅರ ಕಚ್ಚದೆ, ಗಾಜಿನ ಮೇಲೆ ಎಳೆದಂತೆ ಸಣ್ಣ ಸದ್ದು ಮಾಡುತ್ತ ಜಾರಬೇಕು. ಅರ ಕಚ್ಚಿ ಪುಡಿ ಉದುರಿದರೆ ಅಲಗು ಮೆತ್ತಗಿದೆ ಎಂದರ್ಥ. ಆದರೆ ಎಣ್ಣೆಯಿಂದ ತೆಗೆದ ಕೂಡಲೇ ಕಪ್ಪು ಹೊಪ್ಪಳೆಯ (ಕಾಸಿದಾಗ ಉಕ್ಕಿನ ಮೇಲೆ ಕಟ್ಟುವ ಸಿಪ್ಪೆಯ) ಮೇಲೆಯೇ ಅರ ಎಳೆದರೆ ಈ ಪರೀಕ್ಷೆಗೆ ಬೆಲೆಯಿಲ್ಲ. ಹೊಪ್ಪಳೆಯ ಕೆಳಗೆ, ಇಂಗಾಲ ಕಳೆದುಕೊಂಡ ತೆಳುವಾದ ಪದರವೊಂದು ಇರುತ್ತದೆ. ಅದು ಯಾವ ಎಣ್ಣೆಗೆ ಅದ್ದಿದರೂ ಗಟ್ಟಿಯಾಗುವುದಿಲ್ಲ. ಅಲಗಿನ ಒಂದು ಕಡೆ, ನೀರು ಹಾಕಿಕೊಂಡು, ಸಾಣೆಕಲ್ಲಿನ ಮೇಲೆ ಮಿಲಿಮೀಟರಿನ ಕಾಲು ಭಾಗದಷ್ಟು ಉಜ್ಜಿ ತೆಗೆದು, ಅದೇ ಜಾಗದಲ್ಲಿ ಮತ್ತೆ ಅರ ಎಳೆಯಬೇಕು. ಈಗ ಜಾರಿದರೆ ಅಲಗಿನ ಒಳಭಾಗ ಗಟ್ಟಿಯಾಗಿದೆ, ಮತ್ತೆ ಕಾಸುವ ಅಗತ್ಯವೇ ಇಲ್ಲ. ಸಾಣೆಯಲ್ಲಿ ಆ ಪದರವನ್ನು ತೆಗೆದರೆ ಸಾಕು. ಅದ್ದುವ ಮುಂಚೆ ಬಾಯಿಯನ್ನು ತೆಳುವಾಗಿ ಮಾಡಿಬಿಡದೆ ಒಂದೂವರೆ ಮಿಲಿಮೀಟರಿನಷ್ಟು ದಪ್ಪ ಉಳಿಸಿಕೊಳ್ಳಬೇಕು ಎಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಪರೀಕ್ಷೆ ದಾರಿ ತಪ್ಪಿಸುವ ಬೇರೆ ಸಂದರ್ಭಗಳೂ ಇವೆ. ಸವೆದ ಅರ ಮೆತ್ತನೆಯ ಕಬ್ಬಿಣದ ಮೇಲೂ ಜಾರುತ್ತದೆ, ಆದ್ದರಿಂದ ಪರೀಕ್ಷೆಗೆಂದೇ ಒಂದು ಹೊಸ ಸಣ್ಣ ಅರವನ್ನು ತೆಗೆದಿರಿಸಿ ಬೇರೆ ಕೆಲಸಕ್ಕೆ ಮುಟ್ಟದಿರುವುದು ಒಳ್ಳೆಯದು. ಹದ ಇಳಿಸಿದ ಮೇಲೆ ಎಳೆದರೆ ಅರ ಸ್ವಲ್ಪ ಕಚ್ಚಿಯೇ ಕಚ್ಚುತ್ತದೆ, ಅದು ದೋಷವಲ್ಲ. ತುದಿ, ನಡು ಮತ್ತು ಹಿಡಿಯ ಬುಡ ಎಂದು ಮೂರು ಕಡೆ ಎಳೆದು ನೋಡುವುದು ಈ ಪರೀಕ್ಷೆಯ ಅತಿ ಮುಖ್ಯ ಭಾಗ. ಮೂರೂ ಕಡೆ ಒಂದೇ ರೀತಿ ಮೆತ್ತಗಿದ್ದರೆ ಉಕ್ಕನ್ನು ಅಥವಾ ಒಟ್ಟಾರೆ ಕಾವನ್ನು ಸಂಶಯಿಸಬೇಕು. ಒಂದು ಕಡೆ ಗಟ್ಟಿಯಾಗಿ ಇನ್ನೊಂದು ಕಡೆ ಮೆತ್ತಗಿದ್ದರೆ ಉಕ್ಕಿನದು ತಪ್ಪಲ್ಲ; ಕಾವು ಒಂದೇ ಸಮನಾಗಿ ಹರಡಿರಲಿಲ್ಲ ಅಥವಾ ಎಣ್ಣೆಯಲ್ಲಿ ಆ ಭಾಗ ಬೇಗ ತಣಿಯಲಿಲ್ಲ.

ಉಕ್ಕು ಗಟ್ಟಿಯಾಗುವಂಥದ್ದೇ?

ಅದ್ದಿದಾಗ ಗಟ್ಟಿಯಾಗುವ ಗುಣ ಮುಖ್ಯವಾಗಿ ಇಂಗಾಲದಿಂದ ಬರುತ್ತದೆ. ಕಿಟಕಿಯ ಸರಳು, ಆ್ಯಂಗಲ್, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪಟ್ಟಿ ಇವುಗಳಲ್ಲಿ ಇಂಗಾಲ ಶೇಕಡಾ ಕಾಲಿಗಿಂತಲೂ ಕಡಿಮೆ, ಆದ್ದರಿಂದ ಕತ್ತಿಯ ಬಾಯಿಗೆ ಬೇಕಾದ ಗಡಸುತನ ಅವುಗಳಿಗೆ ಬರುವುದಿಲ್ಲ. ಮನೆ ಕಟ್ಟಿಸಿ ಉಳಿದ ಟಿಎಂಟಿ ಸರಳು ಗರಗಸಕ್ಕೆ ಬಿರುಸಾಗಿ ಕಂಡರೂ ಅದರದ್ದು ಕಾರ್ಖಾನೆಯಲ್ಲಿ ನೀರು ಹಾಯಿಸಿ ತಣಿಸಿದ ಹೊರಪದರದ ಬಿರುಸು. ಕುಲುಮೆಯಲ್ಲಿ ಕಾಸಿದ ಕೂಡಲೇ ಅದು ಹೋಗಿಬಿಡುತ್ತದೆ. ಕಮಾನು ಪಟ್ಟಿಗಳಲ್ಲಿ ಇಂಗಾಲ ಸಾಮಾನ್ಯವಾಗಿ ಶೇಕಡಾ 0.5ರಿಂದ 0.6ರ ಆಸುಪಾಸಿನಲ್ಲಿರುತ್ತದೆ, ಹಳೆಯ ಅರ ಮತ್ತು ಬೇರಿಂಗಿನ ಉಂಗುರಗಳಲ್ಲಿ ಶೇಕಡಾ 1ರ ಸುತ್ತ ಅಥವಾ ಅದಕ್ಕಿಂತ ಹೆಚ್ಚು. ಕೆಲವು ಪಿನ್ನುಗಳು ಮತ್ತು ಗೇರುಗಳು ಹೊರಚರ್ಮದಲ್ಲಿ ಮಾತ್ರ ಇಂಗಾಲ ಏರಿಸಿದವು. ಅವುಗಳನ್ನು ಬಡಿದು ಚಪ್ಪಟೆ ಮಾಡಿದರೆ ಒಳಗಿನ ಮೆತ್ತನೆಯ ಉಕ್ಕು ಬಾಯಿಗೆ ಬರುತ್ತದೆ.

ಕಮಾನು ಪಟ್ಟಿಗಳಲ್ಲಿಯೂ ಜಾತಿಗಳಿವೆ, ಮತ್ತು ಗುಜರಿಯವರ ಮಾತಿನ ಮೇಲೆ ಜಾತಿ ನಿರ್ಧರಿಸಲಾಗದು. ಇಎನ್ 45 ಎಂಬ ಹೆಸರಿನದ್ದರಲ್ಲಿ ಸಿಲಿಕಾನ್ ಹೆಚ್ಚು, ಎಸ್‌ಯುಪಿ 9ರಲ್ಲಿ ಕ್ರೋಮಿಯಂ ಇರುತ್ತದೆ. ಎರಡೂ ಎಣ್ಣೆಯಲ್ಲಿ ಗಟ್ಟಿಯಾಗುವ ಉಕ್ಕುಗಳೇ, ಆದರೆ ಸಿಲಿಕಾನ್ ಹೆಚ್ಚಿರುವುದು ಇನ್ನೂ ಸ್ವಲ್ಪ ಹೆಚ್ಚಿನ ಕಾವನ್ನು ಬೇಡುತ್ತದೆ. ಭದ್ರಾವತಿಯ ಕಾರ್ಖಾನೆ ಮಿಶ್ರ ಉಕ್ಕಿಗೆ ಹೆಸರಾದದ್ದು, ಶಿವಮೊಗ್ಗದ ಸುತ್ತ ಫೌಂಡ್ರಿಗಳು ಮತ್ತು ಯಂತ್ರದ ಕಾರ್ಯಾಗಾರಗಳೂ ಇವೆ. ಹೀಗಿರುವಾಗ ಇಲ್ಲಿನ ಗುಜರಿಯ ರಾಶಿಯಲ್ಲಿ ಯಾವ ತುಂಡು ಯಾವ ಉಕ್ಕಿನದು ಎಂದು ಬಣ್ಣ ನೋಡಿ ಹೇಳುವುದು ಸಾಧ್ಯವಿಲ್ಲ.

ಹೆಸರು ತಿಳಿಯದಿದ್ದರೂ ಗುಣ ತಿಳಿಯಬಹುದು. ಅದೇ ಪಟ್ಟಿಯಿಂದ ಬೆರಳಗಲದ ತುಂಡೊಂದನ್ನು ಕತ್ತರಿಸಿ, ಕಾಸಿ, ನೀರಿಗೆ ಅದ್ದಿ, ವೈಸಿಗೆ ಕಚ್ಚಿಸಿ, ಮೇಲೆ ದಪ್ಪ ಬಟ್ಟೆ ಹೊದಿಸಿ, ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಹೊಡೆಯಬೇಕು. ತಟ್ಟನೆ ಮುರಿದರೆ ಉಕ್ಕು ಗಟ್ಟಿಯಾಗುವಂಥದ್ದು. ಬಾಗಿದರೆ ಆ ಪಟ್ಟಿಯ ಮೇಲೆ ಇನ್ನು ಸಮಯ ವ್ಯಯಿಸಬೇಕಾಗಿಲ್ಲ. ನೀರು ಇಲ್ಲಿ ಪರೀಕ್ಷೆಗೆ ಮಾತ್ರ. ಅಲಗನ್ನು ಅದ್ದಲು ಅಲ್ಲ. ಗ್ರೈಂಡರಿನ ಕಿಡಿ ನೋಡಿ ಉಕ್ಕು ಗುರುತಿಸುವ ಪದ್ಧತಿಯೂ ಇದೆ: ಇಂಗಾಲ ಹೆಚ್ಚಿದ್ದಷ್ಟೂ ಕಿಡಿ ಹೆಚ್ಚು ಕವಲೊಡೆದು ಸಿಡಿಯುತ್ತದೆ. ಪಕ್ಕದಲ್ಲಿ ಒಂದು ಮೊಳೆಯನ್ನೂ ಒಂದು ಹಳೆಯ ಅರವನ್ನೂ ಇಟ್ಟುಕೊಂಡು ಹೋಲಿಸಿದರೆ ಅದು ಉಪಯುಕ್ತ, ಕೇವಲ ನೆನಪಿನಿಂದ ನಿರ್ಣಯಿಸುವುದಾದರೆ ನನಗೆ ಅದರಲ್ಲಿ ನಂಬಿಕೆಯಿಲ್ಲ.

ಕಾವು

ಉಕ್ಕು ಸರಿಯಿದ್ದೂ ಅಲಗು ಪೂರ್ತಿ ಮೆತ್ತಗಿದ್ದರೆ ಕಾವು ಸಾಲದೆ ಹೋಗಿರುವ ಸಾಧ್ಯತೆಯೇ ಎಲ್ಲಕ್ಕಿಂತ ಹೆಚ್ಚು. ಇದರ ಮೂಲ ಅರ್ಧ ತಿಳಿದ ಒಂದು ಸೂತ್ರದಲ್ಲಿದೆ: ಅಯಸ್ಕಾಂತ ಅಂಟುವುದು ನಿಂತ ಕೂಡಲೇ ಅದ್ದಬೇಕು ಎಂಬುದು. ಕಬ್ಬಿಣ ತನ್ನ ಕಾಂತಗುಣವನ್ನು ಕಳೆದುಕೊಳ್ಳುವುದು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಮಾನು ಪಟ್ಟಿಯ ಉಕ್ಕು ಸರಿಯಾಗಿ ಗಟ್ಟಿಯಾಗಬೇಕಾದರೆ 850 ಡಿಗ್ರಿಯ ಸುತ್ತಮುತ್ತ ಇರಬೇಕು, ಸಿಲಿಕಾನ್ ಹೆಚ್ಚಿರುವುದಕ್ಕೆ ಅದಕ್ಕೂ ತುಸು ಮೇಲೆ. ಅಂದರೆ ಅಯಸ್ಕಾಂತ ಬಿಟ್ಟ ಮೇಲೆ ಇನ್ನೂ ಒಂದು ಛಾಯೆ ಮೇಲೇರಿ, ಅಲ್ಲಿ ಒಂದೆರಡು ನಿಮಿಷ ನಿಲ್ಲಬೇಕು. ಅಯಸ್ಕಾಂತ ಹೇಳುವುದು ಹತ್ತಿರ ಬಂದಿದ್ದೇವೆ ಎಂದಷ್ಟೇ. ಹಳೆಯ ಅರದಿಂದ ಮಾಡಿದ ಉಳಿಗಾದರೆ ಲೆಕ್ಕ ಬೇರೆ. ಅದಕ್ಕೆ 800 ಡಿಗ್ರಿಯ ಆಸುಪಾಸು ಸಾಕು, ಹೆಚ್ಚಾದರೆ ಕಣ ದಪ್ಪವಾಗಿ ಬಾಯಿ ಉದುರುತ್ತದೆ.

ಕುಲುಮೆಯ ಕಾವು ಅಳೆಯುವ ಪೈರೋಮೀಟರ್ ಇಲ್ಲದವರಿಗೆ ಅಡುಗೆಮನೆಯ ಉಪ್ಪು ಒಳ್ಳೆಯ ಅಳತೆಗೋಲು. ಅಡುಗೆ ಉಪ್ಪು ಕರಗುವುದು 801 ಡಿಗ್ರಿಯಲ್ಲಿ. ಅಲಗಿನಷ್ಟೇ ದಪ್ಪದ ತುಂಡು ಪಟ್ಟಿಯೊಂದನ್ನು ಕಾಸಿ, ಹೊರಗೆ ತೆಗೆದು, ಚಿಟಿಕೆ ಪುಡಿ ಉಪ್ಪು ಉದುರಿಸಿದಾಗ ಅದು ಚಟಪಟನೆ ಸಿಡಿದು ಹಾಗೇ ಕೂತರೆ ಕಾವು ಸಾಲದು, ತಕ್ಷಣ ನೀರಾಗಿ ಹರಡಿಕೊಂಡರೆ 801 ದಾಟಿದೆ. ಆ ಕ್ಷಣದ ಬಣ್ಣವನ್ನು ಕಣ್ಣಿನಲ್ಲಿ ಹಿಡಿದಿಟ್ಟುಕೊಂಡು, ಕಮಾನು ಪಟ್ಟಿಯ ಅಲಗನ್ನು ಅದಕ್ಕಿಂತ ಒಂದು ಛಾಯೆ ಹೆಚ್ಚು ಕಾಸಬೇಕು. ಉಪ್ಪು ಹಾಕಿದ ತುಂಡನ್ನು ಆಮೇಲೆ ಬಿಸಿನೀರಿನಲ್ಲಿ ತೊಳೆಯದಿದ್ದರೆ ಮರುದಿನಕ್ಕೆ ತುಕ್ಕು ಕಟ್ಟಿರುತ್ತದೆ.

ಬಣ್ಣ ನೋಡಿ ಕಾವು ತಿಳಿಯುವುದರಲ್ಲಿ ಮಲೆನಾಡಿನದೇ ಒಂದು ತೊಡಕಿದೆ. ಮಾರ್ಚಿಯ ಮಧ್ಯಾಹ್ನ ಅಂಗಳದಲ್ಲಿ ಮಂಕು ಕೆಂಪಾಗಿ ಕಾಣುವ ಉಕ್ಕು, ಜುಲೈಯ ಮೋಡದ ಸಂಜೆ ಮಾಡಿನ ಕೆಳಗೆ ಕಿತ್ತಳೆಯಾಗಿ ಕಾಣುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಕಲಿತ ಬಣ್ಣವನ್ನು ಮಳೆಗಾಲದಲ್ಲಿ ನಂಬಿದವರ ಅಲಗು ಮೆತ್ತಗಾಗುತ್ತದೆ, ಮಳೆಗಾಲದ ಬಣ್ಣವನ್ನು ಬೇಸಿಗೆಯಲ್ಲಿ ನಂಬಿದವರದು ಸುಡುತ್ತದೆ. ಅದ್ದುವ ಕೆಲಸವನ್ನು ವರ್ಷವಿಡೀ ಒಂದೇ ಜಾಗದಲ್ಲಿ, ಕತ್ತಲಾದ ಮೇಲೆ, ಒಂದೇ ದೀಪವನ್ನು ಹಿಂದೆ ಇಟ್ಟುಕೊಂಡು ಮಾಡಿದರೆ ಈ ತೊಡಕು ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಕತ್ತಲೆಯಲ್ಲಿ ಇನ್ನೊಂದು ಲಾಭವೂ ಇದೆ: ಕಾವು ಏರುವಾಗ ಅಲಗಿನ ಮೇಲೆ ನೆರಳಿನಂಥ ಮಬ್ಬು ಪಟ್ಟೆ ಹರಿದಾಡುವುದು ಕಾಣುತ್ತದೆ. ಉಕ್ಕಿನ ಒಳರಚನೆ ಬದಲಾಗುತ್ತಿರುವುದರ ಗುರುತು ಅದು. ಬೆನ್ನಿನವರೆಗೂ ನೆರಳು ಕರಗಿ ಬಣ್ಣ ಒಂದೇ ಸಮನಾಗುವ ತನಕ ಕಾಯಬೇಕು.

ಎಷ್ಟು ಗಾಳಿ ಊದಿದರೂ ಕಾವು ಏರದಿದ್ದರೆ ಇದ್ದಲನ್ನು ನೋಡಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ತೀರ್ಥಹಳ್ಳಿ, ಹೊಸನಗರಗಳ ಕಡೆಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಗೋಣಿಚೀಲದಲ್ಲಿ ತುಂಬಿಟ್ಟ ಇದ್ದಲು ಮಳೆಗೆ ನೆನೆಯದಿದ್ದರೂ ಆ ಗಾಳಿಯಿಂದಲೇ ತೇವ ಹೀರುತ್ತದೆ, ಮತ್ತು ಬೆಂಕಿಯ ಮೊದಲ ಶಕ್ತಿಯೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಅಡಿಕೆ ಒಣಗಿಸುವ ಅಟ್ಟದ ಮೇಲೆ ಎರಡು ದಿನ ಹರವಿಟ್ಟ ಇದ್ದಲಿಗೂ ಚೀಲದಿಂದ ನೇರ ಸುರಿದ ಇದ್ದಲಿಗೂ ವ್ಯತ್ಯಾಸ ಕುಲುಮೆಯಲ್ಲಿ ಕೂಡಲೇ ಕಾಣುತ್ತದೆ. ಇದ್ದಲಿನಲ್ಲಿ ಅಷ್ಟು ಕಾವು ಬರುವುದಿಲ್ಲ, ಕಲ್ಲಿದ್ದಲೇ ಬೇಕು ಎಂಬ ಮಾತು ಮಾತ್ರ ಸರಿಯಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಾರ್ಖಾನೆ ಅದಿರನ್ನು ಕರಗಿಸಿ ಕಬ್ಬಿಣ ತೆಗೆದದ್ದೇ ಮಲೆನಾಡಿನ ಕಾಡಿನ ಸೌದೆಯಿಂದಾದ ಇದ್ದಲಿನಿಂದ. ಕತ್ತಿ ಕಾಸಲು ಬೇಕಾದ ಕಾವು ಅದರ ಮುಂದೆ ಅಲ್ಪ.

ಗಾಳಿಯೂ ಹೆಚ್ಚಾಗಬಾರದು. ಗಾಳಿ ಬರುವ ಕೊಳವೆಯ ಬಾಯಿಗೂ ಅಲಗಿಗೂ ನಡುವೆ ಒಂದು ಗೇಣಿನಷ್ಟಾದರೂ ಉರಿಯುವ ಇದ್ದಲು ಇರಬೇಕು. ಇಲ್ಲದಿದ್ದರೆ ಉರಿಯದೆ ಉಳಿದ ಗಾಳಿ ನೇರ ಅಲಗಿಗೆ ತಾಗಿ, ಹೊಪ್ಪಳೆ ಕಟ್ಟಿ, ಮೇಲ್ಮೈಯ ಇಂಗಾಲವನ್ನು ತಿನ್ನುತ್ತದೆ. ಹೊರಗೆ ತೆಗೆದಾಗ ಹೊಪ್ಪಳೆ ದಪ್ಪವಾಗಿ ಉದುರುತ್ತಿದ್ದರೆ ಗಾಳಿ ಹೆಚ್ಚಾಗಿದೆ ಎಂದು ತಿಳಿಯಬೇಕು. ಸಂಜೆ ಹೊತ್ತಿಗೆ ವಿದ್ಯುತ್ತಿನ ವೋಲ್ಟೇಜ್ ಕುಸಿಯುವ ಹಳ್ಳಿಗಳಲ್ಲಿ ಬ್ಲೋವರಿನ ವೇಗವೂ ಇಳಿಯುವುದರಿಂದ, ನಿನ್ನೆ ಸರಿಹೋದ ಅದೇ ಕ್ರಮ ಇಂದು ಸೋಲಬಹುದು. ಕೈಯಿಂದ ತಿರುಗಿಸುವ ಬ್ಲೋವರ್ ಇದ್ದರೆ ಈ ಸಮಸ್ಯೆಯಿಲ್ಲ.

ತುದಿ ಗಟ್ಟಿ, ಬುಡ ಮೆತ್ತಗೆ ಎಂಬ ದೋಷ ಉದ್ದನೆಯ ಕತ್ತಿಗಳಲ್ಲಿ ಸಾಮಾನ್ಯ, ಏಕೆಂದರೆ ಬೆಂಕಿ ಅಲಗಿಗಿಂತ ಚಿಕ್ಕದು ಮತ್ತು ತೆಳುವಾದ ತುದಿ ಬೇಗ ಕಾಯುತ್ತದೆ. ಬೆಂಕಿಯೊಳಗೆ ಅಗಲವಾದ ಕಬ್ಬಿಣದ ಕೊಳವೆಯೊಂದನ್ನು ಮಲಗಿಸಿ, ಅಲಗನ್ನು ಅದರೊಳಗೆ ಹಿಂದೆ ಮುಂದೆ ಸರಿಸುತ್ತ ಕಾಸಿದರೆ ಕಾವು ಸಮನಾಗುತ್ತದೆ, ಹೊಪ್ಪಳೆಯೂ ಕಡಿಮೆಯಾಗುತ್ತದೆ. ನಲ್ಲಿಯ ಜಿಐ ಪೈಪನ್ನು ಇದಕ್ಕೆ ಎಂದೂ ಬಳಸಬಾರದು. ಅದರ ಮೇಲಿನ ಸತುವು ಆವಿಯಾಗಿ, ಉಸಿರಾಡಿದವರಿಗೆ ಚಳಿಜ್ವರದಂಥ ಬಾಧೆ ತರುತ್ತದೆ.

ಎಣ್ಣೆ

ಕಾವು ಸರಿಯಿದೆ ಎಂದು ಉಪ್ಪಿನ ಪರೀಕ್ಷೆಯಿಂದ ಖಚಿತವಾದ ಮೇಲೂ ಅಲಗು ಅರೆಬರೆ ಗಟ್ಟಿಯಾಗುತ್ತಿದ್ದರೆ ಎಣ್ಣೆಯ ಕಡೆಗೆ ತಿರುಗಬೇಕು. ತಣ್ಣಗಿನ ಎಣ್ಣೆ ಹೆಚ್ಚು ಬೇಗ ತಣಿಸುತ್ತದೆ ಎಂಬುದು ಸಹಜವಾದ ಊಹೆ, ಆದರೆ ವಾಸ್ತವ ತಿರುಗಾಮುರುಗಾ. ತಣ್ಣಗಿನ ಎಣ್ಣೆ ಮಂದವಾಗಿದ್ದು ಅಲಗಿನ ಸುತ್ತ ಸರಿಯಾಗಿ ಹರಿಯುವುದಿಲ್ಲ. 50–60 ಡಿಗ್ರಿಗೆ ಬೆಚ್ಚಗೆ ಮಾಡಿದ ಎಣ್ಣೆ ತೆಳ್ಳಗಾಗಿ ಕಾವನ್ನು ಬೇಗ ಒಯ್ಯುತ್ತದೆ. ಕೊಬ್ಬರಿ ಎಣ್ಣೆಯಂತೂ 24–25 ಡಿಗ್ರಿಯಲ್ಲಿಯೇ ಗಟ್ಟಿಯಾಗುತ್ತದೆ, ಡಿಸೆಂಬರಿನ ಬೆಳಗ್ಗೆ ಅದನ್ನು ನಂಬುವಂತಿಲ್ಲ. ಕಡಲೆಕಾಯಿ ಅಥವಾ ಸೂರ್ಯಕಾಂತಿ ಎಣ್ಣೆ ಮನೆಯ ಕೆಲಸಕ್ಕೆ ಸಾಕಷ್ಟು ಚೆನ್ನಾಗಿದೆ. ಗ್ಯಾರೇಜಿನ ಸುಟ್ಟ ಎಂಜಿನ್ ಎಣ್ಣೆ ಪುಕ್ಕಟೆ ಸಿಗುತ್ತದೆ ಎಂಬುದನ್ನು ಬಿಟ್ಟರೆ ಅದರ ಪರವಾಗಿ ಹೇಳುವುದೇನೂ ಇಲ್ಲ; ಅದರ ಹೊಗೆ ಕೆಟ್ಟದ್ದು, ಒಳಗೇನಿದೆಯೋ ತಿಳಿಯದು, ಒಂದು ಡಬ್ಬದಂತೆ ಇನ್ನೊಂದು ಇರುವುದಿಲ್ಲ.

ಪ್ರಮಾಣ ಕಡಿಮೆಯಾದರೂ ದೋಷ ಬರುತ್ತದೆ. ಒಂದು ಕಿಲೋ ಉಕ್ಕಿಗೆ ಸುಮಾರು ಎಂಟು ಲೀಟರ್ ಎಂಬುದು ರೂಢಿಯ ಲೆಕ್ಕ. ಸಾಲಾಗಿ ಮೂರು ನಾಲ್ಕು ಅಲಗುಗಳನ್ನು ಅದ್ದುವಾಗ ಮೊದಲನೆಯದು ಗಟ್ಟಿಯಾಗಿ ಕೊನೆಯದು ಮೆತ್ತಗಾದರೆ, ಎಣ್ಣೆ ನಡುವೆ ಬಿಸಿಯೇರಿದೆ ಎಂದೇ ಅರ್ಥ. ಕುಲುಮೆಯಿಂದ ಡಬ್ಬಕ್ಕೆ ನಾಲ್ಕು ಹೆಜ್ಜೆ ನಡೆಯಬೇಕಾಗಿದ್ದರೂ ತೆಳುವಾದ ಬಾಯಿ ದಾರಿಯಲ್ಲೇ ಕಾವು ಕಳೆದುಕೊಳ್ಳುತ್ತದೆ; ಕೈ ನೀಡಿದರೆ ಸಿಗುವಷ್ಟು ಹತ್ತಿರ ಡಬ್ಬ ಇರಬೇಕು. ಅದ್ದಿದ ಮೇಲೆ ಅಲಗನ್ನು ಬಾಯಿ ಮತ್ತು ಬೆನ್ನಿನ ದಿಕ್ಕಿನಲ್ಲಿ ಕೊಯ್ಯುವಂತೆ ಆಡಿಸಬೇಕು. ಅಲುಗಾಡಿಸದೆ ಹಿಡಿದರೆ ಆವಿಯ ಪದರ ಸುತ್ತುವರಿದು ಅಲ್ಲಲ್ಲಿ ಮೆತ್ತನೆಯ ಮಚ್ಚೆಗಳು ಉಳಿಯುತ್ತವೆ, ಅಡ್ಡಡ್ಡ ಆಡಿಸಿದರೆ ಅಲಗು ಬಾಗುತ್ತದೆ.

ಮಳೆಗಾಲದಲ್ಲಿ ಮುಚ್ಚಳವಿಲ್ಲದ ಡಬ್ಬದ ತಳದಲ್ಲಿ ನೀರು ಸೇರಿಕೊಂಡಿರುತ್ತದೆ. ಇದು ಗಡಸುತನದ ಪ್ರಶ್ನೆಯಷ್ಟೇ ಅಲ್ಲ. ಬಿಸಿ ಅಲಗು ಆ ನೀರಿಗೆ ತಾಗಿದರೆ ಎಣ್ಣೆ ನೊರೆಯೆದ್ದು ಉಕ್ಕಿ ಬೆಂಕಿ ಹಿಡಿಯಬಹುದು. ತಳದ ಎಣ್ಣೆಯನ್ನು ಒಂದು ಸೌಟಿನಲ್ಲಿ ತೆಗೆದು ಒಲೆಯ ಮೇಲೆ ಕಾಯಿಸಿದಾಗ ಚಟಗುಟ್ಟಿದರೆ ನೀರಿದೆ ಎಂದು ತಿಳಿದು ಮೇಲಿನ ಎಣ್ಣೆಯನ್ನು ಬೇರೆ ಡಬ್ಬಕ್ಕೆ ಬಸಿದುಕೊಳ್ಳಬೇಕು. ಡಬ್ಬ ಕಬ್ಬಿಣದ್ದೇ ಆಗಿರಬೇಕು, ಬೆಂಕಿ ಹತ್ತಿದರೆ ಮುಚ್ಚಲು ತಗಡಿನ ಮುಚ್ಚಳ ಪಕ್ಕದಲ್ಲಿರಬೇಕು, ಉರಿಯುವ ಎಣ್ಣೆಗೆ ನೀರು ಎರಚಬಾರದು.

ಊರಿನ ಆಚಾರ್ರು ನೀರಿಗೇ ಅದ್ದುತ್ತಾರಲ್ಲ ಎಂದು ಕೇಳುವವರಿದ್ದಾರೆ. ನುರಿತ ಕೈ ಅಲಗಿನ ಬಾಯಿಯನ್ನಷ್ಟೇ ಕ್ಷಣಮಾತ್ರ ಅದ್ದಿ ತೆಗೆದು, ಬೆನ್ನಿನಲ್ಲಿ ಉಳಿದ ಕಾವು ಬಾಯಿಗೆ ಹರಿದು ಹದ ತಾನೇ ಇಳಿಯುವಂತೆ ಮಾಡುತ್ತದೆ. ಕಮಾನು ಪಟ್ಟಿಯನ್ನು ಪೂರ್ತಿ ನೀರಿನಲ್ಲಿ ಮುಳುಗಿಸುವುದು ಅದಲ್ಲ. ಅದರ ಫಲ ಸಾಮಾನ್ಯವಾಗಿ ಬಿರುಕು.

ಬಾಗು ಮತ್ತು ಬಿರುಕು

ಅದ್ದಿದ ಅಲಗು ಬಾಗಿದ್ದರೆ ಎರಡು ಬದಿಯ ಇಳಿಜಾರು ಒಂದೇ ಸಮನಾಗಿತ್ತೇ, ನೆಟ್ಟಗೆ ಅದ್ದಿದ್ದೇ ಎಂದು ನೋಡಬೇಕು. ಬಡಿತದಿಂದ ಒಳಗೆ ಉಳಿದ ಬಿಗಿತವೂ ಬಾಗಿಸುತ್ತದೆ. ಅದ್ದುವ ಮುಂಚೆ ಎರಡು ಮೂರು ಸಲ ಕೆಂಪಗೆ ಕಾಸಿ, ಗಾಳಿಯಲ್ಲಿ ಕಪ್ಪಾಗುವ ತನಕ ತಣಿಯಬಿಟ್ಟರೆ ಆ ಬಿಗಿತ ಬಿಡುತ್ತದೆ ಮತ್ತು ಕಣಗಳೂ ಸಣ್ಣಗಾಗುತ್ತವೆ. ದೋಷ ಸಿಕ್ಕ ಮೇಲೆ ಮತ್ತೆ ಅದ್ದಬೇಕಾದ ಅಲಗಿಗೂ ಇದನ್ನು ತಪ್ಪಿಸಬಾರದು. ಬಿರುಕಿನ ಸಂಶಯವಿದ್ದರೆ ಅಲಗನ್ನು ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ನೆನೆಸಿ, ಒಣಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಬೇಕು. ಬಿರುಕು ಇದ್ದಲ್ಲಿ ಸ್ವಲ್ಪ ಹೊತ್ತಿನಲ್ಲಿ ಕಪ್ಪು ಗೆರೆ ಮೂಡುತ್ತದೆ. ವರ್ಷಗಟ್ಟಲೆ ಗಾಡಿಯ ಕೆಳಗೆ ಬಾಗಿ ಬಳಲಿದ ಪಟ್ಟಿಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೊದಲೇ ಇರಬಹುದಾದ್ದರಿಂದ ಈ ಪರೀಕ್ಷೆಯನ್ನು ಬಡಿಯುವ ಮುಂಚೆಯೇ ಮಾಡುವುದು ಲೇಸು. ಬಿರುಕು ಬಿಟ್ಟ ಅಲಗನ್ನು ಬೆಸುಗೆ ಹಾಕಿ ಉಳಿಸಿಕೊಳ್ಳುವ ಪ್ರಯತ್ನ ಬೇಡ. ಬೀಸುವಾಗ ಅದು ಮುರಿದು ಹಾರುತ್ತದೆ.

ಹದ ಇಳಿಸಿದ ಮೇಲಿನ ದೋಷಗಳು

ಅದ್ದಿದ ಅಲಗಿಗೆ ಅರ ಜಾರಿತ್ತು, ಆದರೆ ಕೆಲಸದಲ್ಲಿ ಬಾಯಿ ಮಡಚುತ್ತದೆ ಅಥವಾ ಉದುರುತ್ತದೆ ಎಂದಾದರೆ ದೋಷ ಹದ ಇಳಿಸುವ ಹಂತದಲ್ಲಿದೆ. ಉಜ್ಜಿ ಹೊಳಪು ಮಾಡಿದ ಉಕ್ಕನ್ನು ಮೆಲ್ಲಗೆ ಬಿಸಿ ಮಾಡಿದಾಗ ಸುಮಾರು 205 ಡಿಗ್ರಿಯಲ್ಲಿ ತಿಳಿ ಹುಲ್ಲಿನ ಬಣ್ಣ, 255ರ ಸುತ್ತ ಕಂದು, 280ರ ಸುತ್ತ ನೇರಳೆ, 300ರ ಹತ್ತಿರ ನೀಲಿ ಮೂಡುತ್ತದೆ. ಸಾಗರ, ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ ಹಿಡಿಯುವಂಥ ಸಣ್ಣ ಉಳಿಗೆ ಹುಲ್ಲಿನ ಬಣ್ಣ ಸಾಕು, ಕೊಂಬೆಗೆ ಬೀಸಿ ಹೊಡೆಯುವ ಕತ್ತಿಗೆ ಕಂದಿನಿಂದ ನೇರಳೆಯವರೆಗೆ ಹೋಗಬೇಕು. ಮೇಲ್ಮೈಯಲ್ಲಿ ಎಣ್ಣೆಯ ಪಸೆ ಇದ್ದರೆ ಬಣ್ಣ ಸುಳ್ಳು ಹೇಳುತ್ತದೆ, ಹೆಚ್ಚು ಹೊತ್ತು ಇಟ್ಟರೆ ಕಡಿಮೆ ಕಾವಿನಲ್ಲಿಯೂ ಬಣ್ಣ ಮುಂದೆ ಹೋಗುತ್ತದೆ. ಸಿಲಿಕಾನ್ ಹೆಚ್ಚಿರುವ ಉಕ್ಕು ಮೆತ್ತಗಾಗುವುದು ನಿಧಾನ, ಅದಕ್ಕೆ ಬಣ್ಣಕ್ಕಿಂತ ಅರವನ್ನೇ ನಂಬುವುದು ಒಳ್ಳೆಯದು. ಮನೆಯ ಒವನ್ ಇದ್ದರೆ ಒಳಗೊಂದು ಬೇರೆ ಥರ್ಮಾಮೀಟರ್ ಇಟ್ಟು ಒಂದೊಂದು ಗಂಟೆಯಂತೆ ಎರಡು ಸಲ ಇಳಿಸಬೇಕು. ಅದ್ದಿದ ಅಲಗನ್ನು ಹದ ಇಳಿಸದೆ ರಾತ್ರಿಯಿಡೀ ಬಿಡಬಾರದು, ಬೆಳಗಾಗುವಷ್ಟರಲ್ಲಿ ತಾನಾಗಿಯೇ ಬಿರುಕು ಬಿಟ್ಟಿರಬಹುದು.

ಬಾಯಿ ಉದುರುತ್ತಿದ್ದರೆ ಮೊದಲಿಗೆ ಪರೀಕ್ಷೆಯ ತುಂಡಿನ ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಬೇಕು. ನಯವಾದ ಬೂದುಬಣ್ಣವಿದ್ದರೆ ಹದ ಸಾಕಷ್ಟು ಇಳಿದಿಲ್ಲ ಎಂದು ಇನ್ನೊಂದು ಛಾಯೆ ಇಳಿಸಬಹುದು. ಹೊಳೆಯುವ ದಪ್ಪ ಕಣಗಳು ಕಂಡರೆ ಕಾವು ಮೀರಿತ್ತು. ಹದ ಎಷ್ಟು ಇಳಿಸಿದರೂ ಅದು ಸರಿಹೋಗದು, ಗಾಳಿಯಲ್ಲಿ ತಣಿಸುವ ಹಂತದಿಂದಲೇ ಮತ್ತೆ ಆರಂಭಿಸಬೇಕು.

ಸಾಣೆಯ ಕೋನವೋ ಹದವೋ ಎಂಬ ಸಂಶಯಕ್ಕೆ ಹಿತ್ತಾಳೆಯ ಸಣ್ಣ ಸರಳೊಂದು ಸಾಕು. ಸರಳನ್ನು ವೈಸಿನಲ್ಲಿ ಮಲಗಿಸಿ, ಅಲಗನ್ನು ಓರೆಯಾಗಿಟ್ಟು, ಬಾಯಿ ಸ್ವಲ್ಪ ಬಾಗುವಷ್ಟು ಒತ್ತಿ ಎಳೆದರೆ, ಸರಿಯಾದ ಬಾಯಿ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಮೆತ್ತನೆಯದು ಬಾಗಿದಂತೆಯೇ ಉಳಿಯುತ್ತದೆ, ಬಿರುಸಾದದ್ದು ಚೂರು ಹಾರುತ್ತದೆ. ಬಾಯಿಯ ಒಂದು ತುಣುಕು ಮಾತ್ರ ಮಡಚಿ ಉಳಿದದ್ದು ಸರಿಯಿದ್ದರೆ ಗ್ರೈಂಡರನ್ನು ಸಂಶಯಿಸಬೇಕು. ಒಣ ಚಕ್ರದಲ್ಲಿ ಬಾಯಿ ಒಂದು ಕ್ಷಣ ನೀಲಿಯಾದರೂ ಅಲ್ಲಿನ ಹದ ಹೋಗಿರುತ್ತದೆ, ನೀಲಿಯನ್ನು ಉಜ್ಜಿ ತೆಗೆದರೂ ಕೆಳಗಿನ ಮೆತ್ತನೆ ಉಳಿಯುತ್ತದೆ. ಅಷ್ಟು ಭಾಗವನ್ನು ನೀರು ಹಾಕಿದ ಕಲ್ಲಿನಲ್ಲಿ ಸವೆಸಿ ಹಿಂದಕ್ಕೆ ಒಯ್ಯಬೇಕು.

ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಬಾಯಿಯಲ್ಲಿ ಕೊಯ್ಲಿನ ನಡುವೆ ಸಣ್ಣ ಹಲ್ಲುಗಳು ಕಂಡರೆ ಅದನ್ನು ಬಿರುಸಿನ ದೋಷವೆಂದು ಮತ್ತೆ ಹದ ಇಳಿಸುವ ಮುಂಚೆ ಹಲ್ಲಿನ ಬುಡವನ್ನು ನೋಡಬೇಕು. ಅಲ್ಲಿ ಕಪ್ಪು ಕಲೆಯೂ ಸಣ್ಣ ಗುಳಿಯೂ ಇದ್ದರೆ ಅದು ಹಸಿ ಅಡಿಕೆಯ ಚೊಗರು ಮತ್ತು ತೇವ ಸೇರಿ ತಿಂದ ಗುರುತು. ಹದಕ್ಕೆ ಕೈ ಹಾಕದೆ, ಗುಳಿ ಮಾಯವಾಗುವವರೆಗೆ ಸಾಣೆ ಹಿಡಿದು, ಪ್ರತಿ ದಿನ ಕೆಲಸ ಮುಗಿದ ಮೇಲೆ ತೊಳೆದು ಒರೆಸಿ ಎಣ್ಣೆ ಸವರಿಟ್ಟರೆ ಸಾಕು.